ಯಾರದೂ ಅಲ್ಲದ ಗ್ರಹಗಳು: ಹಿಡಿಯಬೇಕೆ, ಒಲಿಸಬೇಕೆ, ಬಿಡಬೇಕೆ?

ಶಿರಸಿ, ಸಿದ್ದಾಪುರ ಕಡೆಯ ಮಳೆಗಾಲ ದೊಡ್ಡ ಆಟಗಳಿಗೆ ಹೇಳಿ ಮಾಡಿಸಿದ ಕಾಲ. ಅಡಿಕೆಗೆ ಬೋರ್ಡೋ ಹೊಡೆದು ಮುಗಿದಿರುತ್ತದೆ, ಕರೆಂಟಿನ ಮೇಲೆ ಯಾರಿಗೂ ಭರವಸೆ ಇರುವುದಿಲ್ಲ, ಬೆಂಗಳೂರಿನಿಂದ ರಜೆಗೆ ಬಂದವರ ಚೀಲದಲ್ಲಿ ಒಂದು ದೊಡ್ಡ ಪೆಟ್ಟಿಗೆ ಇರುತ್ತದೆ. ಇಡೀ ದಿನ ಬೇಡುವ ಅಂತರತಾರಾ ಯುದ್ಧದ ಆಟಕ್ಕೆ ಊಟದ ಮೇಜು ಸಾಲದು. ಜಗುಲಿಯಲ್ಲಿ ಚಾಪೆ ಹಾಸಿ, ಅದರ ಮೇಲೆ ನಕ್ಷೆ ಹರಡಿ, ಸುತ್ತ ಆರು ಜನ ಕುಳಿತರೆ ಸರಿಹೋಗುತ್ತದೆ. ಹಾಗೆ ಕುಳಿತವರ ನಡುವೆ ಮೊದಲ ತಕರಾರು ಏಳುವುದು ಶತ್ರುವಿನ ನೆಲದ ಬಗ್ಗೆ ಅಲ್ಲ. ಇಬ್ಬರ ಗಡಿಗಳ ನಡುವೆ ಯಾರ ಬಾವುಟವೂ ಇಲ್ಲದೆ ಕುಳಿತಿರುವ ಒಂದು ಗ್ರಹದ ಬಗ್ಗೆ.

ಹೊಸಬರಿಗೆ ಇದರಲ್ಲಿ ಯೋಚಿಸುವಂಥದ್ದೇನೂ ಕಾಣುವುದಿಲ್ಲ. ಖಾಲಿ ಇದೆ, ಹಿಡಿದರಾಯಿತು. ಹಳಬರಲ್ಲೂ ಅರ್ಧ ಜನ ಹಾಗೆಯೇ ಆಡುತ್ತಾರೆ, ಆಟದ ನಡುಭಾಗಕ್ಕೆ ಬರುವಾಗ ಕೈಕಾಲು ಕಟ್ಟಿಕೊಂಡು ಕೂರುತ್ತಾರೆ. ತಟಸ್ಥ ಗ್ರಹ ಏನು ಕೊಡುತ್ತದೆ ಎಂಬುದು ಅದರ ಚೀಟಿಯ ಮೇಲೆಯೇ ಅಚ್ಚಾಗಿರುತ್ತದೆ, ಅದಕ್ಕೆ ಬುದ್ಧಿ ಖರ್ಚು ಮಾಡಬೇಕಿಲ್ಲ. ಅದನ್ನು ಇಟ್ಟುಕೊಳ್ಳಲು ಏನು ಕಳೆದುಕೊಳ್ಳುತ್ತೀರಿ, ಅದರ ಹಿಂಬಾಗಿಲು ಯಾರ ಅಂಗಳಕ್ಕೆ ತೆರೆಯುತ್ತದೆ ಎನ್ನುವ ಎರಡು ಪ್ರಶ್ನೆಗಳಿಗೆ ಉತ್ತರ ಎಲ್ಲಿಯೂ ಅಚ್ಚಾಗಿರುವುದಿಲ್ಲ. ಆಯ್ಕೆ ನಿಂತಿರುವುದು ಅಲ್ಲಿ.

ನಮ್ಮಲ್ಲಿ ಹೆಚ್ಚು ಆಡುವ ಮೂರು ಆಟಗಳನ್ನು ಎದುರಿಗಿಟ್ಟುಕೊಂಡು ಬರೆಯುತ್ತಿದ್ದೇನೆ. ಟ್ವಿಲೈಟ್ ಇಂಪೀರಿಯಂ ಎಂಬ ಮಹಾಪೆಟ್ಟಿಗೆ, 2017ರ ನಾಲ್ಕನೆಯ ಆವೃತ್ತಿ. ಎಕ್ಲಿಪ್ಸ್, 2011ರದ್ದಾಗಲಿ ಆಮೇಲಿನ ಎರಡನೆಯ ಆವೃತ್ತಿಯಾಗಲಿ. ಕರೆಂಟಿದ್ದ ದಿನಗಳಿಗೆ ಕಂಪ್ಯೂಟರಿನ ಸ್ಟೆಲ್ಲಾರಿಸ್, 2016ರಿಂದ ಇರುವುದು. ಮೂರರಲ್ಲೂ ತಟಸ್ಥ ಗ್ರಹ ಉಂಟು, ಆದರೆ ಮೂರರಲ್ಲಿ ಅದರ ಸ್ವಭಾವ ಬೇರೆ ಬೇರೆ. ಮೊದಲನೆಯದರಲ್ಲಿ ಅದು ಬಹುಮಟ್ಟಿಗೆ ಖಾಲಿ ನೆಲ. ಎರಡನೆಯದರಲ್ಲಿ ಕಾವಲು ಇರುವ ನೆಲ. ಮೂರನೆಯದರಲ್ಲಿ ಜನ ಬದುಕಿರುವ ನೆಲ. ಒಂದರಲ್ಲಿ ಕಲಿತ ಚಾಳಿಯನ್ನು ಇನ್ನೊಂದಕ್ಕೆ ಹೊತ್ತುಕೊಂಡು ಹೋಗುವವರೇ ಹೆಚ್ಚಾಗಿ ಸೋಲುತ್ತಾರೆ.

ಖಾಲಿ ನೆಲದ ಲೆಕ್ಕ

ಟ್ವಿಲೈಟ್ ಇಂಪೀರಿಯಂನಲ್ಲಿ ಖಾಲಿ ಗ್ರಹಕ್ಕೆ ಒಬ್ಬ ಕಾಲಾಳು ಇಳಿದರೆ ಸಾಕು, ಅದು ನಿಮ್ಮದು. ಇದು ಪುಕ್ಕಟೆ ಎನಿಸುತ್ತದೆ, ಆದರೆ ಅಲ್ಲ. ಆ ನಕ್ಷತ್ರಮಂಡಲಕ್ಕೆ ಹಡಗು ಕಳಿಸಬೇಕಾದರೆ ಒಂದು ಆಜ್ಞಾ ಬಿಲ್ಲೆಯನ್ನು ಅಲ್ಲಿ ಇಡಬೇಕು. ಆಟದ ಆರಂಭಕ್ಕೆ ಇಂಥ ಚಲನೆಗೆಂದು ಕೈಯಲ್ಲಿರುವುದು ಮೂರು ಬಿಲ್ಲೆ. ಪ್ರತಿ ಸುತ್ತಿನ ಕೊನೆಗೆ ಸಿಗುವುದು ಎರಡು. ಪ್ರತಿ ಸುತ್ತಿಗೆ ಆಟಗಾರರು ಆರಿಸಿಕೊಳ್ಳುವ ತಂತ್ರದ ಕಾರ್ಡುಗಳಲ್ಲಿ ಒಂದಾದ ಲೀಡರ್‌ಶಿಪ್ ಮೂಲಕ ಹೆಚ್ಚಿನ ಬಿಲ್ಲೆ ಕೊಳ್ಳುವುದಾದರೆ ಒಂದಕ್ಕೆ ಮೂರು ಪ್ರಭಾವ (ಗ್ರಹಗಳು ಸಂಪನ್ಮೂಲದ ಜೊತೆಗೆ ಕೊಡುವ ಇನ್ನೊಂದು ನಾಣ್ಯ) ಕೊಡಬೇಕು. ಅಂದರೆ ಬಿಲ್ಲೆಯ ಪೇಟೆ ದರ ಮೂರು. ಜೊತೆಗೆ ಹಿಡಿದ ಗ್ರಹದ ಕಾರ್ಡು ನಿಮ್ಮ ಕೈಗೆ ಮಗುಚಿಯೇ ಬರುತ್ತದೆ, ಅದರ ಫಸಲು ಸಿಗುವುದು ಮುಂದಿನ ಸುತ್ತಿಗೆ. ಆಟ ಸಾಮಾನ್ಯವಾಗಿ ಐದಾರು ಸುತ್ತಿನಲ್ಲಿ ಮುಗಿಯುತ್ತದೆ. ನಾಲ್ಕನೆಯ ಸುತ್ತಿನಲ್ಲಿ ಹಿಡಿದ ಬಡಗ್ರಹವೊಂದು ಒಂದು ಸಲವೋ ಎರಡು ಸಲವೋ ಕೈಗೆ ಬರುತ್ತದೆ, ಅಷ್ಟೇ.

ಈಗ ಎರಡು ಉದಾಹರಣೆ. ಸೌಡೋರ್ ಒಂಟಿ ಗ್ರಹ, ಎರಡು ಸಂಪನ್ಮೂಲ, ಎರಡು ಪ್ರಭಾವ. ಕೆಟ್ಟದ್ದಲ್ಲ. ಅದೇ ಇನ್ನೊಂದು ಫಲಕದಲ್ಲಿ ಅಬಿಜ್ ಮತ್ತು ಫ್ರಿಯಾ ಜೋಡಿಯಾಗಿವೆ, ಮೂರು ಮತ್ತು ಎರಡು ಸೇರಿ ಐದು ಸಂಪನ್ಮೂಲ. ಎರಡೂ ಒಂದೇ ಜಾತಿಯವು, ‘ಅಪಾಯಕಾರಿ’ ಎಂಬ ಗುರುತಿರುವವು. ಒಂದು ಬಿಲ್ಲೆಗೆ ಒಂದೇ ಹಡಗಿನಿಂದ ಇಬ್ಬರು ಕಾಲಾಳುಗಳನ್ನು ಇಳಿಸಿದರೆ ಎರಡೂ ನಿಮ್ಮವು. ಹಾಗಾಗಿ ಗ್ರಹಗಳನ್ನು ಎಣಿಸಬೇಡಿ, ಬಿಲ್ಲೆಗಳನ್ನು ಎಣಿಸಿ. ದೂರದ ಮೂಲೆಯಲ್ಲಿರುವ ಒಂಟಿ ಬಡಗ್ರಹಕ್ಕೆ ಬಿಲ್ಲೆ ಸುರಿಯುವವನು ತನ್ನ ಅರ್ಧ ಸುತ್ತನ್ನೇ ಅಲ್ಲಿ ಸುರಿದಿರುತ್ತಾನೆ.

ಇದಕ್ಕೊಂದು ದೊಡ್ಡ ಅಪವಾದ ಇದೆ, ಪೂರೈಸಿದವರಿಗೆ ಅಂಕ ಕೊಡುವ ಗುರಿ ಕಾರ್ಡುಗಳು. ‘ತವರು ಮಂಡಲದ ಹೊರಗೆ ಆರು ಗ್ರಹ ಹಿಡಿ’ ಎಂಬ ಗುರಿ ಮೇಲೆದ್ದರೆ ಅತಿ ದರಿದ್ರ ಗ್ರಹಕ್ಕೂ ಬೆಲೆ ಬರುತ್ತದೆ. ‘ಒಂದೇ ಜಾತಿಯ ನಾಲ್ಕು ಗ್ರಹ’ ಎಂದು ಬಂದರೆ ಅಬಿಜ್, ಫ್ರಿಯಾಗಳಿಗೆ ಇನ್ನೂ ಏರುತ್ತದೆ. ಇವು ಮೊದಲ ಹಂತದ ಗುರಿಗಳು. ಎರಡನೆಯ ಹಂತದಲ್ಲಿ ಹನ್ನೊಂದು ಗ್ರಹ ಕೇಳುವ ಗುರಿಯೂ ಇದೆ, ಅದು ಮೇಲೆದ್ದ ದಿನ ನಕ್ಷೆಯ ಮೇಲೆ ತಟಸ್ಥ ಎನ್ನುವುದು ಉಳಿಯುವುದೇ ಇಲ್ಲ. ಮೇಲಿರುವ ಗುರಿಗಳನ್ನು ಓದದೆ ಗ್ರಹ ಹಿಡಿಯಲು ಹೊರಟವನಿಗೆ ನಾನು ಯಾವ ಸಲಹೆಯನ್ನೂ ಕೊಡುವುದಿಲ್ಲ.

ಈ ಆಟದಲ್ಲಿ ‘ಒಲಿಸುವ’ ದಾರಿ ಬಹಳ ಕಿರಿದು. ಕ್ಸಚಾ ಎಂಬ ಆಮೆಯಂಥ ಜನಾಂಗಕ್ಕೆ ಮಾತ್ರ ಆ ವಿದ್ಯೆ ಇದೆ. ಡಿಪ್ಲೊಮಸಿ ಕಾರ್ಡು ನಡೆಸಿದ ಮೇಲೆ, ತಮ್ಮ ಗ್ರಹಕ್ಕೆ ತಾಗಿಕೊಂಡಿರುವ, ಯಾವ ಪಡೆಯೂ ಇಲ್ಲದ ಒಂದು ಗ್ರಹವನ್ನು ಅವರು ಹಡಗು ಕಳಿಸದೆಯೇ ತಮ್ಮದು ಮಾಡಿಕೊಳ್ಳಬಹುದು. ನಿಯಮವನ್ನು ಸರಿಯಾಗಿ ಓದಿ: ‘ಯಾರದೂ ಅಲ್ಲದ’ ಎಂದಿಲ್ಲ, ‘ಪಡೆ ಇಲ್ಲದ’ ಎಂದಿದೆ. ಬಾವುಟದ ಗುರುತು ಇಟ್ಟು ಕಾಲಾಳನ್ನು ಮುಂದಕ್ಕೆ ಕರೆದೊಯ್ದ ನೆರೆಯವನ ಗ್ರಹವೂ ಇದರಲ್ಲಿ ಸಿಕ್ಕಿಬೀಳುತ್ತದೆ. ಪಕ್ಕದಲ್ಲಿ ಕ್ಸಚಾ ಕುಳಿತಿದ್ದರೆ ಪ್ರತಿ ಗಡಿಗ್ರಹದಲ್ಲೂ ಒಬ್ಬನನ್ನಾದರೂ ಬಿಟ್ಟು ಬನ್ನಿ.

ನಡುವಿನ ಸಿಂಹಾಸನ

ನಕ್ಷೆಯ ನಟ್ಟನಡುವಿನ ಮೆಕಟಾಲ್ ರೆಕ್ಸ್‌ಗೆ ಮೇಲಿನ ಯಾವ ಲೆಕ್ಕವೂ ಹಿಡಿಸುವುದಿಲ್ಲ. ಒಂದು ಸಂಪನ್ಮೂಲ, ಆರು ಪ್ರಭಾವ. ಅಲ್ಲಿ ಪಾಲಕರ ಬಿಲ್ಲೆ ಕುಳಿತಿರುತ್ತದೆ. ಮೊದಲು ಇಳಿಯುವವನು ಆರು ಪ್ರಭಾವ ತೆತ್ತು ಅದನ್ನು ತೆಗೆಯಬೇಕು, ಪ್ರತಿಯಾಗಿ ಒಂದು ಗೆಲುವಿನ ಅಂಕ. ಹತ್ತು ಅಂಕದ ಆಟದಲ್ಲಿ ಒಂದು ಅಂಕ ಸಣ್ಣದಲ್ಲ. ಆದರೆ ಬಿಲ್ಲೆ ಎದ್ದ ಗಳಿಗೆಯಿಂದ ಪ್ರತಿ ಸುತ್ತಿಗೂ ಸಭೆ ಸೇರುತ್ತದೆ, ಕಾನೂನುಗಳಿಗೆ ಮತ ಹಾಕುವುದು ಶುರುವಾಗುತ್ತದೆ. ನಿಮ್ಮೊಬ್ಬರ ನಡೆಯಿಂದ ಎಲ್ಲರ ಆಟ ಬದಲಾಗುತ್ತದೆ. 

ಜಗುಲಿಯ ಮೇಲೆ ಇದು ಹೀಗೆ ಕೇಳಿಸುತ್ತದೆ. “ಭಾವ, ಇಳಿಯುತ್ತೀಯೋ ಇಲ್ಲವೋ?” “ನನಗೇನು ಅವಸರ? ನಿನ್ನ ಹಡಗೂ ಪಕ್ಕದಲ್ಲೇ ಇದೆಯಲ್ಲ.” “ನಾನು ಇಳಿದರೆ ನೀನು ಸುಮ್ಮನಿರುತ್ತೀಯಾ?” ಭಾವ ಉತ್ತರ ಕೊಡದೆ ಕವಳದ ತಟ್ಟೆ ಎಳೆದುಕೊಳ್ಳುತ್ತಾರೆ. ಈ ಮೌನಕ್ಕೆ ಕಾರಣ ಇದೆ: ಇಂಪೀರಿಯಲ್ ಕಾರ್ಡು ಆರಿಸಿಕೊಂಡು ಅದನ್ನು ನಡೆಸುವ ಹೊತ್ತಿಗೆ ಮೆಕಟಾಲ್ ಕೈಯಲ್ಲಿದ್ದರೆ ಇನ್ನೊಂದು ಅಂಕ. ಆದ್ದರಿಂದ ಮೊದಲು ಇಳಿಯುವುದಕ್ಕಿಂತ ಸುತ್ತು ತಿರುಗುವವರೆಗೆ ನಿಲ್ಲಬಲ್ಲೆನೆ ಎಂಬುದು ದೊಡ್ಡ ಪ್ರಶ್ನೆ. ನಿಲ್ಲುವ ಪಡೆ ಇದ್ದರೆ ಎರಡನೆಯ ಸುತ್ತಿಗೇ ಹೋಗಿ. ಇಲ್ಲದಿದ್ದರೆ ಇನ್ನೊಬ್ಬರಿಗೆ ಆರು ಪ್ರಭಾವ ಖರ್ಚು ಮಾಡಲು ಬಿಟ್ಟು, ಅವರ ಕಾಲಾಳುಗಳನ್ನು ಹೊಡೆದು ಇಳಿಯುವುದು ಅಗ್ಗ. ಸಭ್ಯವಲ್ಲ, ಅಗ್ಗ.

ಕಾವಲಿರುವ ನೆಲ

ಎಕ್ಲಿಪ್ಸ್‌ನ ತಟಸ್ಥರು ಬೇರೆಯೇ ಜಾತಿ. ಅಲ್ಲಿ ‘ಪುರಾತನರು’ ಎಂಬ ಹಡಗುಗಳು ಕೆಲವು ವಲಯಗಳಲ್ಲಿ ಕುಳಿತಿರುತ್ತವೆ. ತಾವಾಗಿ ಎಲ್ಲಿಗೂ ಹೋಗುವುದಿಲ್ಲ, ಯಾರ ಮೇಲೂ ಏರಿ ಬರುವುದಿಲ್ಲ, ಒಳಗೆ ಬಂದವರನ್ನು ಬಿಡುವುದಿಲ್ಲ.

ಅವರನ್ನು ಆರಂಭದಲ್ಲೇ ಹೊಡೆಯುತ್ತೇನೆ ಎನ್ನುವವರು ಈ ಲೆಕ್ಕ ನೋಡಲಿ. ಪುರಾತನ ಹಡಗಿಗೆ ಎರಡು ತೋಪು, ಗುರಿಗೆ ಒಂದು ಸೇರಿಸುವ ಕಂಪ್ಯೂಟರ್, ಒಂದು ಪದರ ಕವಚ. ನಿಮ್ಮ ಮೊದಲ ದಿನದ ಇಂಟರ್‌ಸೆಪ್ಟರ್ ಎಂಬ ಸಣ್ಣ ಯುದ್ಧಹಡಗಿಗೆ ಒಂದೇ ತೋಪು, ಕವಚ ಇಲ್ಲ, ಕಂಪ್ಯೂಟರ್ ಇಲ್ಲ. ಎರಡು ಇಂಟರ್‌ಸೆಪ್ಟರ್‌ಗಳನ್ನು ಕಳಿಸಿದಿರಿ ಎಂದುಕೊಳ್ಳಿ. ಅವು ಚುರುಕು, ಮೊದಲ ಗುಂಡು ಅವುಗಳದ್ದೇ. ಆದರೆ ದಾಳದಲ್ಲಿ ಆರು ಬಿದ್ದರೆ ಮಾತ್ರ ಗುರಿ ತಾಗುತ್ತದೆ, ಎದುರಾಳಿ ಉರುಳಬೇಕಾದರೆ ಎರಡೂ ದಾಳ ಆರೇ ಬೀಳಬೇಕು, ಅದು 36ರಲ್ಲಿ ಒಂದು ಸಲ. ತಿರುಗಿ ಅವರು ಹೊಡೆಯುವಾಗ ಐದು ಬಿದ್ದರೂ ಆರು ಬಿದ್ದರೂ ನಿಮ್ಮದೊಂದು ಹಡಗು ಹೋಯಿತು. ಮೊದಲು ಕವಚವನ್ನೋ ಕಂಪ್ಯೂಟರನ್ನೋ ಹಾಕಿಸಿ, ಆಮೇಲೆ ಯುದ್ಧದ ಮಾತು.

ಗೆದ್ದರೆ ಲಾಭ ಇದೆ. ಕೀರ್ತಿಯ ಬಿಲ್ಲೆ ಸಿಗುತ್ತದೆ, ವಲಯದಲ್ಲಿ ಅಡಗಿದ ಶೋಧದ ಫಲಕ ಸಿಗುತ್ತದೆ. ಅದನ್ನು ಬಳಸದೆ ಮಗುಚಿಟ್ಟರೆ ಎರಡು ಅಂಕ. ಆದರೆ ಗೆದ್ದ ವಲಯದ ಮೇಲೆ ನಿಮ್ಮ ಪ್ರಭಾವದ ಬಿಲ್ಲೆ ಇಡಬೇಕು, ಈ ಆಟದ ಮರ್ಮ ಅಡಗಿರುವುದು ಆ ಬಿಲ್ಲೆಯಲ್ಲಿ. ಅದೇ ಬಿಲ್ಲೆಗಳಿಂದಲೇ ನೀವು ಪ್ರತಿ ಸುತ್ತಿನ ಕೆಲಸಗಳನ್ನೂ ಮಾಡಬೇಕು. ನಿಮ್ಮ ಮುಂದೆ ಜೋಡಿಸಿಟ್ಟ ಸಾಲಿನಿಂದ ಬಿಲ್ಲೆ ಎದ್ದಷ್ಟೂ ನಿರ್ವಹಣೆಯ ಖರ್ಚು ಒಂದು, ಎರಡು, ಮೂರು, ಐದು, ಏಳು, ಹತ್ತು ಎಂದು ನೆಗೆಯುತ್ತದೆ. ಹಣ ಸಾಲದಿದ್ದರೆ ಹಿಡಿದ ವಲಯಗಳನ್ನೇ ಬಿಟ್ಟುಕೊಡಬೇಕು. ವಲಯ ಹೆಚ್ಚಾದಂತೆ ಕೆಲಸ ಕಡಿಮೆಯಾಗುವ ಆಟ ಇದು.

ಆದ್ದರಿಂದ ಎಕ್ಲಿಪ್ಸ್‌ನಲ್ಲಿ ನನ್ನ ಮೊದಲ ಆಯ್ಕೆ ಪುರಾತನರನ್ನು ಬಿಡುವುದು, ಅದೂ ಬಹಳ ಯೋಚಿಸಿ ಬಿಡುವುದು. ಒಂದು ಪುರಾತನ ಹಡಗು ದಾಟಿಹೋಗಲು ಬಂದ ಒಂದು ಹಡಗನ್ನು ಹಿಡಿದು ನಿಲ್ಲಿಸುತ್ತದೆ. ಎರಡು ಇದ್ದರೆ ಎರಡನ್ನು. ನಿಮ್ಮ ಮತ್ತು ನೆರೆಯವನ ನಡುವೆ ಅಂಥ ವಲಯ ಬಿದ್ದರೆ ನೀವು ಒಂದು ಕಾಸೂ ಕೊಡದೆ ಕಾವಲುಗಾರ ಸಿಕ್ಕಿದ ಹಾಗೆ. ಹೊಸ ಫಲಕ ತೆಗೆದವರು ಅದನ್ನು ಯಾವ ದಿಕ್ಕಿಗೆ ತಿರುಗಿಸಿ ಇಡಬೇಕೆಂದು ತಾವೇ ನಿರ್ಧರಿಸಬಹುದು. ನೀವು ಹೊರಟ ವಲಯಕ್ಕೆ ಒಂದು ಬಾಗಿಲು ಕೂಡಿದರೆ ಸಾಕು. ಉಳಿದ ಬಾಗಿಲುಗಳು ನೆರೆಯವನ ಗೋಡೆಗೆ ಮುಖ ಮಾಡಲಿ. ಎರಡೂ ಕಡೆ ಬಾಗಿಲು ಕೂಡದಿದ್ದರೆ, ವಿಶೇಷ ತಂತ್ರಜ್ಞಾನ ಇಲ್ಲದವನಿಗೆ ಅಲ್ಲಿಂದ ದಾರಿಯೇ ಇಲ್ಲ. ಈ ತಿರುಗಿಸುವ ಕೆಲಸವನ್ನು ಹೆಚ್ಚಿನವರು ಎರಡು ಸೆಕೆಂಡಿನಲ್ಲಿ ಮುಗಿಸುತ್ತಾರೆ, ನಾನು ಚಹಾ ಆರುವವರೆಗೆ ಯೋಚಿಸುತ್ತೇನೆ. ಬೈಸಿಕೊಳ್ಳುವುದೂ ಇದೆ.

ಬಿಡುವುದನ್ನೇ ಧರ್ಮ ಮಾಡಿಕೊಂಡ ಒಂದು ಬಣವೂ ಇಲ್ಲಿದೆ, ಡ್ರಾಕೋನ ವಂಶಸ್ಥರು. ಅವರು ಪುರಾತನರೊಂದಿಗೆ ಹೋರಾಡುವಂತಿಲ್ಲ, ಆದರೆ ಅವರಿರುವ ವಲಯದಲ್ಲೇ ತಾವೂ ಇರಬಹುದು. ಆಟ ಮುಗಿದಾಗ ನಕ್ಷೆಯ ಮೇಲೆ ಉಳಿದ ಪ್ರತಿ ಪುರಾತನ ಹಡಗಿಗೂ ಅವರಿಗೊಂದು ಅಂಕ. ಅವರು ಆಟದಲ್ಲಿದ್ದರೆ ನಿಮ್ಮ ಲೆಕ್ಕ ತಿರುಗುತ್ತದೆ: ನೀವು ಬಿಟ್ಟ ಪ್ರತಿ ಕಾವಲುಗಾರನೂ ಅವರ ಖಾತೆಗೆ ಜಮಾ.

ಅಂಜದೀವದ ಕತೆ

ಇಟ್ಟುಕೊಳ್ಳುವ ಖರ್ಚು ಎಂದಾಗ ಕಾರವಾರದವರು ಸಮುದ್ರದ ಕಡೆ ನೋಡಿದರೆ ಸಾಕು. ಬಿಣಗಾ, ಅರಗಾ ದಂಡೆಯ ಎದುರಿಗಿರುವ ಅಂಜದೀವ ಪುಟ್ಟ ದ್ವೀಪ. ಅಲ್ಲಿ ಹೇಳಿಕೊಳ್ಳುವಂಥ ಫಸಲಿಲ್ಲ. 1505ರಲ್ಲಿ ಪೋರ್ಚುಗೀಸರು ಕೋಟೆ ಕಟ್ಟಿದರು, ಹೆಚ್ಚು ಕಾಲ ಇಟ್ಟುಕೊಳ್ಳಲಾಗದೆ ತಾವೇ ಕೆಡವಿ ಹೊರಟರು. 1660ರ ದಶಕದಲ್ಲಿ ಮುಂಬಯಿಯನ್ನು ವಹಿಸಿಕೊಳ್ಳಲು ಬಂದ ಇಂಗ್ಲಿಷ್ ಪಡೆಗೆ ಪೋರ್ಚುಗೀಸ್ ಅಧಿಕಾರಿಗಳು ಊರು ಬಿಟ್ಟುಕೊಡದಿದ್ದಾಗ ಆ ಪಡೆ ಇದೇ ದ್ವೀಪದಲ್ಲಿ ಬೀಡುಬಿಟ್ಟು ಕಾಯಿತು. ಯಾರೂ ಯುದ್ಧ ಮಾಡದೆಯೇ ಸೈನಿಕರಲ್ಲಿ ಬಹುಪಾಲು ಜನ ಸತ್ತರು, ಅವರ ನಾಯಕ ಅಬ್ರಹಾಂ ಶಿಪ್‌ಮನ್ ಕೂಡ 1664ರಲ್ಲಿ ಅಲ್ಲಿಯೇ ತೀರಿಕೊಂಡ. 1682ರಲ್ಲಿ ಪೋರ್ಚುಗೀಸರು ಮತ್ತೆ ಕೋಟೆ ಕಟ್ಟಿದರು. ಈ ಸಲ ಬೆನ್ನಿಗೆ ಗೋವೆ ಗಟ್ಟಿಯಾಗಿತ್ತು, ಸಮುದ್ರದ ದಾರಿ ಅವರದ್ದಾಗಿತ್ತು. ಎದುರಿನ ದಂಡೆಯಲ್ಲಿ ರಾಜ್ಯಗಳು ಬದಲಾಗುತ್ತಲೇ ಹೋದವು, ದ್ವೀಪ ಮಾತ್ರ 1961ರ ಡಿಸೆಂಬರಿನವರೆಗೆ ಅವರ ಕೈಯಲ್ಲೇ ಉಳಿಯಿತು. ಅದನ್ನು ಬಿಡಿಸಲು ಇಳಿದ ಭಾರತೀಯ ನೌಕಾಪಡೆಯ ಏಳು ಜನ ಪ್ರಾಣ ಕೊಟ್ಟರು.

ಅದೇ ದ್ವೀಪ, ಅದೇ ಬಂಡೆ. ಪೂರೈಕೆಯ ದಾರಿ ಇದ್ದವರಿಗೆ ಹೊರಠಾಣೆ, ಇಲ್ಲದವರಿಗೆ ಸ್ಮಶಾನ. ಆಟದ ನಕ್ಷೆಯಲ್ಲಿ ಬಡಗ್ರಹವೊಂದು ನೆರೆಯವನ ಹೊಸಿಲ ಮುಂದೆ ಕಂಡಾಗ ಮೊದಲು ನಿಮ್ಮ ತವರಿನಿಂದ ಅಲ್ಲಿಗೆ ಎಷ್ಟು ನೆಗೆತ, ಅವನ ತವರಿನಿಂದ ಎಷ್ಟು ಎಂದು ಎಣಿಸಿ. ಅವನದ್ದು ಕಡಿಮೆಯಾದರೆ ನೀವು ಇಡುವ ಪಡೆ ಶಿಪ್‌ಮನ್ನನ ಪಡೆಯೇ.

ಜನ ಇರುವ ನೆಲ

ಸ್ಟೆಲ್ಲಾರಿಸ್‌ನಲ್ಲಿ ಬೆಳಕಿನ ವೇಗ ದಾಟದ ನಾಗರಿಕತೆಗಳು ಗ್ರಹಗಳಲ್ಲಿ ಬದುಕಿರುತ್ತವೆ, ಕಲ್ಲಿನ ಯುಗದಿಂದ ಅಂತರಿಕ್ಷಯುಗದ ಆರಂಭದವರೆಗೆ. ಅವುಗಳ ಮೇಲೆ ವೀಕ್ಷಣಾ ಠಾಣೆ ಕಟ್ಟಬಹುದು. ಸುಮ್ಮನೆ ನೋಡುತ್ತಾ ಸಂಶೋಧನೆ ಗಳಿಸಬಹುದು, ವಿದ್ಯೆ ಕಲಿಸಿ ಮೇಲೆತ್ತಬಹುದು, ವೇಷ ಮರೆಸಿ ಒಳನುಗ್ಗಬಹುದು, ಇಲ್ಲವೇ ಸೈನ್ಯ ಇಳಿಸಿ ಕಿತ್ತುಕೊಳ್ಳಬಹುದು. ಯಾವುದು ಸಾಧ್ಯ ಎಂಬುದು ನಿಮ್ಮ ಸಾಮ್ರಾಜ್ಯದ ಸಿದ್ಧಾಂತ ಮತ್ತು ನೀವು ಜಾರಿಗೆ ತಂದ ನೀತಿಯ ಮೇಲೆ ನಿಂತಿದೆ.

ಕಿತ್ತುಕೊಳ್ಳುವುದು ಎಲ್ಲಕ್ಕಿಂತ ಬೇಗ. ದುಡಿಯುವ ಜನಸಂಖ್ಯೆ ಒಮ್ಮೆಗೇ ಕೈಗೆ ಬರುತ್ತದೆ, ಅವರ ಅಸಮಾಧಾನವೂ ಜೊತೆಗೇ ಬರುತ್ತದೆ. ಸಾಲದ್ದಕ್ಕೆ ಪ್ರತಿ ಗ್ರಹವೂ ಪ್ರತಿ ಜನಗುಂಪೂ ಸಾಮ್ರಾಜ್ಯದ ಗಾತ್ರವನ್ನು ಹೆಚ್ಚಿಸುತ್ತವೆ. ಗಾತ್ರ 100 ದಾಟಿದ ಮೇಲೆ ಸಂಶೋಧನೆಯೂ, ‘ಸಂಪ್ರದಾಯ’ಗಳೆಂಬ ಸಾಮ್ರಾಜ್ಯದ ಶಾಶ್ವತ ಅನುಕೂಲಗಳೂ ತುಟ್ಟಿಯಾಗುತ್ತವೆ. ಇಲ್ಲಿಯೂ ಅದೇ ಖರ್ಚು, ಎಕ್ಲಿಪ್ಸ್‌ನಷ್ಟು ಕಣ್ಣಿಗೆ ರಾಚುವುದಿಲ್ಲ ಅಷ್ಟೇ.

ಮೇಲೆತ್ತುವುದು ನಿಧಾನ, ವರ್ಷಗಟ್ಟಲೆ ಹಿಡಿಯುತ್ತದೆ. ಕೊನೆಗೆ ಅವರು ನಿಮ್ಮ ರಕ್ಷಣೆಯಲ್ಲಿರುವ ರಾಜ್ಯವಾಗುತ್ತಾರೆ. ಸಾಮಂತ ಎಂದರೇನೆಂದು ಸೋದೆ, ಗೇರುಸೊಪ್ಪೆಯ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ: ಮೇಲಿನವರಿಗೆ ಕಪ್ಪ, ಊರಿನ ಆಡಳಿತ ತಮ್ಮದೇ. ಅವರ ಗ್ರಹ ನಿಮ್ಮ ಗಾತ್ರಕ್ಕೆ ಸೇರುವುದಿಲ್ಲ, ನಿಮ್ಮ ಗಡಿಗೆ ಒಂದು ಮೆತ್ತೆ ಸಿಕ್ಕಂತಾಗುತ್ತದೆ. ನನಗೆ ಇದೇ ಇಷ್ಟ. ಆದರೆ ಸಾಮಂತನನ್ನು ಕಾಯದೆ ಬಿಟ್ಟರೆ ಏನಾಗುತ್ತದೆಂಬುದಕ್ಕೂ ಸೋದೆಯೇ ಸಾಕ್ಷಿ. ವಿಜಯನಗರ ಹೋಗಿ ಬಹಳ ಕಾಲದ ಮೇಲೆ, ಹೈದರಾಲಿಯ ಪಡೆ ಬಿದನೂರು ಮುಗಿಸಿ ಇತ್ತ ತಿರುಗಿದಾಗ, ಸೋದೆಯ ಅರಸು ಮನೆತನ ಗೋವೆಗೆ ಹೋಗಿ ಪೋರ್ಚುಗೀಸರ ಆಶ್ರಯ ಪಡೆಯಿತು. ಹಿಸುಕಿದ ಸಣ್ಣ ರಾಜ್ಯ ನಿಮ್ಮ ಎದುರಾಳಿಯ ಅಂಗಳದಲ್ಲೇ ಹೋಗಿ ಬೀಳುತ್ತದೆ.

ಸುಮ್ಮನೆ ನೋಡುತ್ತಾ ಕೂರುವವರಿಗೆ ಒಂದು ಎಚ್ಚರಿಕೆ. ಅಣುಯುಗಕ್ಕೆ ಬಂದ ನಾಗರಿಕತೆ ತನ್ನನ್ನು ತಾನೇ ಸುಟ್ಟುಕೊಂಡು ಇಡೀ ಗ್ರಹವನ್ನು ಬೂದಿ ಮಾಡಿಕೊಳ್ಳಬಹುದು. ಕಲ್ಲಿನ ಯುಗದವರನ್ನು ಎಷ್ಟು ಕಾಲವಾದರೂ ಕಾಯಿಸಬಹುದು, ಅಣುಯುಗದವರ ವಿಷಯದಲ್ಲಿ ಇವತ್ತೇ ತೀರ್ಮಾನಿಸಿ.

ಮಾತಿನ ಮೇಲೆ ಬಿಟ್ಟ ಗ್ರಹ

ಮನುಷ್ಯರ ಎದುರು ಆಡುವಾಗ ಇನ್ನೊಂದು ದಾರಿ ಇದೆ, ‘ಇದನ್ನು ನೀನೂ ಮುಟ್ಟಬೇಡ, ನಾನೂ ಮುಟ್ಟುವುದಿಲ್ಲ’ ಎಂಬ ಒಪ್ಪಂದ. ಟ್ವಿಲೈಟ್ ಇಂಪೀರಿಯಂನಲ್ಲಿ ಅಲ್ಲಿಯೇ ತೀರುವ ವ್ಯವಹಾರಕ್ಕೆ ಮಾತ್ರ ಬಂಧನ. ಮುಂದಿನ ಮಾತಿಗೆ ನಿಯಮದ ಬೆಂಬಲ ಇಲ್ಲ. ಎಕ್ಲಿಪ್ಸ್‌ನಲ್ಲಿ ನಾಲ್ಕು ಅಥವಾ ಹೆಚ್ಚು ಜನ ಇದ್ದರೆ ರಾಯಭಾರಿಗಳನ್ನು ಬದಲಾಯಿಸಿಕೊಳ್ಳಬಹುದು, ಆಮೇಲೆ ಹೊಡೆದವನಿಗೆ ದ್ರೋಹಿ ಎಂಬ ಪಟ್ಟದೊಂದಿಗೆ ಎರಡು ಅಂಕ ಖೋತಾ. ಹಾಗಾಗಿ ಮಾತು ತಪ್ಪುವವರ ಕೂಟಕ್ಕೆ ಎಕ್ಲಿಪ್ಸ್ ತನ್ನಿ. ಪರಸ್ಪರ ನಂಬುವವರು ಅಥವಾ ಜಗಳವನ್ನೇ ಸವಿಯುವವರು ಇದ್ದರೆ ಟ್ವಿಲೈಟ್. ಒಬ್ಬರೇ ಇದ್ದರೆ ಸ್ಟೆಲ್ಲಾರಿಸ್, ಯುಪಿಎಸ್ ಚಾರ್ಜ್ ನೋಡಿಕೊಂಡು.

ಕೆಲವರು ಗ್ರಾಫ್ ಹಾಳೆಯಲ್ಲಿ ತಮ್ಮದೇ ನಕ್ಷೆ ಬರೆದು ತಿಂಗಳುಗಟ್ಟಲೆ ನಡೆಸುವ ಆಟಗಳೂ ಇವೆ. ಅಂಥವರಿಗೆ ಒಂದೆರಡು ಮಾತು. ಪ್ರತಿ ತಟಸ್ಥ ಗ್ರಹಕ್ಕೂ ಕಾವಲು ಎಷ್ಟು, ಯಾರ ಕಡೆ ಎಷ್ಟು ಒಲವು ಎಂಬ ಎರಡು ಸಂಖ್ಯೆ ಬರೆದಿಡಿ, ಅದಕ್ಕಿಂತ ಹೆಚ್ಚು ಬೇಡ. ಒಂದು ತಟಸ್ಥ ಗ್ರಹದ ಮೇಲೆ ಯಾರಾದರೂ ಏರಿಹೋದರೆ ಎರಡು ನೆಗೆತದೊಳಗಿನ ಉಳಿದ ತಟಸ್ಥ ಗ್ರಹಗಳ ಒಲವು ಅವನ ಕಡೆ ಒಂದೊಂದು ಇಳಿಯಲಿ. ಇಷ್ಟು ಮಾಡಿದರೆ ಹಿಡಿಯುವುದಕ್ಕೂ ಒಲಿಸುವುದಕ್ಕೂ ನಿಜವಾದ ವ್ಯತ್ಯಾಸ ಬರುತ್ತದೆ. ಸುತ್ತಿಗೊಮ್ಮೆ ಪ್ರತಿ ಗ್ರಹಕ್ಕೆ ಒಂದು ದಾಳ ಹಾಕಿ, ಆರು ಬಿದ್ದರೆ ಅದು ತಾನಾಗಿಯೇ ಏನಾದರೂ ಮಾಡಲಿ: ವ್ಯಾಪಾರ ಕೇಳಲಿ, ದಾರಿ ಮುಚ್ಚಲಿ, ರಕ್ಷಣೆ ಬೇಡಲಿ. ಆ ದಾಳವನ್ನು ಗ್ರಹಕ್ಕೆ ಅತಿ ದೂರದಲ್ಲಿರುವ ಆಟಗಾರನ ಕೈಗೆ ಕೊಡಿ. ಹತ್ತಿರದವನು ಹಾಕಿದರೆ ಪ್ರತಿ ಎಸೆತಕ್ಕೂ ಪಂಚಾಯಿತಿ ಸೇರಿಸಬೇಕಾಗುತ್ತದೆ.